ಬಾಯಿಗೆ ಕಬ್ಬಿಣ ತಾಗಿಸದ ಹರಕೆ

ಕೋರಿರೊಟ್ಟಿ ಎಂದರೆ ಅಕ್ಕಿಯ ಒಣ ರೊಟ್ಟಿ, ಕೋಳಿಸಾರಿನಲ್ಲಿ ನೆನೆಸಿ ತಿನ್ನಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ. ಆ ಭಾನುವಾರ ಮಧ್ಯಾಹ್ನ, ಬಟ್ಟಲಿನ ಅಂಚಿನಲ್ಲಿ ನೆನೆಯದೆ ಉಳಿದಿದ್ದ ಒಂದು ಗರಿಗರಿ ತುಂಡನ್ನು ಎಡಗಡೆಯ ಮೇಲಿನ ದವಡೆಗೆ ಕೊಟ್ಟು ಕಡಿದೆ.

ಕಣ್ಣಿನ ಹಿಂದೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು.

ನನ್ನ ಹೆಂಡತಿ ವಾರಿಜ ಸಾರು ಬಡಿಸಲು ಸೌಟು ಎತ್ತಿದವಳು ಹಾಗೆಯೇ ನಿಂತಳು.

“ಎಂತ ಆಯ್ತು?”

“ಕಲ್ಲು ಸಿಕ್ಕಿತು.”

“ರೊಟ್ಟಿಯಲ್ಲಿ ಎಲ್ಲಿಯ ಕಲ್ಲು ಮಾರಾಯ್ರೆ? ಅಕ್ಕಿ ಆರಿಸಿದ್ದು ನಾನೇ ಅಲ್ವಾ?”

ಇಲ್ಲದ ಕಲ್ಲಿಗಾಗಿ ಅವಳು ಮರುದಿನ ಅಕ್ಕಿಯನ್ನು ಮತ್ತೆ ಗೆರಸೆಗೆ ಹಾಕಿಕೊಂಡು ಅಂಗಳದ ಬೆಳಕಿನಲ್ಲಿ ಕುಳಿತಳು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ. ಈ ಕಥೆಯಲ್ಲಿ ನನ್ನ ಮೊದಲ ಸುಳ್ಳು ಅದು. ಅದು ಸಣ್ಣದು. ದೊಡ್ಡದು ಆಮೇಲೆ ಬಂತು.

ನಾನು ಯಾರು ಎಂದು ಹೇಳದೆ ಆ ದೊಡ್ಡ ಸುಳ್ಳು ಅರ್ಥವಾಗುವುದಿಲ್ಲ. ಪುಂಜಾಲಕಟ್ಟೆ ಪೇಟೆಯಲ್ಲಿ ನಮ್ಮದೊಂದು ಹೋಟೆಲು ಉಂಟು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸುಗಳು ಅದರ ಎದುರು ನಿಲ್ಲುತ್ತವೆ. ಈಗ ಅದನ್ನು ನೋಡಿಕೊಳ್ಳುವವನು ನನ್ನ ತಂಗಿಯ ಮಗ ಶೇಖರ. ಅವನೂ ನಮ್ಮ ಮನೆಯಲ್ಲೇ ಇರುವುದು. ನನಗೆ ಇನ್ನೊಂದು ಜವಾಬ್ದಾರಿ ಇತ್ತು. ನಾನು ನಮ್ಮ ಊರಿನ ದೈವದ ಗುರಿಕಾರ. ಎಂದರೆ ಊರಿನವರ ಪರವಾಗಿ ದೈವದ ಎದುರು ನಿಂತು ಮಾತಾಡುವವನು. ಯಾರದೋ ಹಸು ಕಾಣೆಯಾದರೆ, ಯಾರದೋ ಮಗುವಿನ ಜ್ವರ ಇಳಿಯದಿದ್ದರೆ, ಹರಕೆಯನ್ನು ಸರಿಯಾದ ಮಾತಿನಲ್ಲಿ ಹೇಳಿಕೊಳ್ಳುವವನು ನಾನು. ಹರಕೆ ತೀರಿದ ಮೇಲೆ ಒಪ್ಪಿಸುವವನೂ ನಾನು. ಹೈಸ್ಕೂಲು ಮುಗಿಸಿದವನು, ಮಾತು ತಡವರಿಸುವುದಿಲ್ಲ ಎಂದು ಹಿರಿಯರು ನನ್ನನ್ನು ಆ ಜಾಗದಲ್ಲಿ ನಿಲ್ಲಿಸಿದ್ದರು. ನನ್ನ ಬಾಯಿಯ ಮೇಲೆ ಊರಿಗೆ ನಂಬಿಕೆ ಇತ್ತು.

ಆ ಬಾಯಿಯೊಳಗೆ ಒಂದು ಹಲ್ಲು ಕೊಳೆಯಲು ಸುರುವಾಗಿತ್ತು.

ಮೊದಲು ಲವಂಗ ಕಚ್ಚಿದೆ. ಬಿಸಿ ಉಪ್ಪುನೀರು ಮುಕ್ಕಳಿಸಿದೆ. ಪೇರಳೆಯ ಚಿಗುರು ಜಗಿದೆ. ತಣ್ಣೀರು ಕುಡಿಯುವಾಗ ತಲೆಯನ್ನು ಬಲಕ್ಕೆ ವಾಲಿಸುವುದನ್ನು ಕಲಿತೆ. ಹೋಟೆಲಿನಲ್ಲಿ ಕುಳಿತಾಗ ಯಾರಾದರೂ ನಗಿಸಿದರೆ ಗಾಳಿ ಒಳಗೆ ಹೋಗದ ಹಾಗೆ ತುಟಿ ಮುಚ್ಚಿ ನಗುತ್ತಿದ್ದೆ. “ಗುರಿಕಾರ್ರು ಈಗ ಮದುಮಗಳ ಹಾಗೆ ನಗ್ತಾರೆ” ಎಂದು ಗಿರಾಕಿಗಳು ತಮಾಷೆ ಮಾಡಿದರು. ನೋವಿಗಿಂತ ನೋವನ್ನು ಅಡಗಿಸುವುದೇ ದಿನದ ದೊಡ್ಡ ಕೆಲಸವಾಯಿತು.

ಶೇಖರನಿಗೆ ಗೊತ್ತಾಯಿತು. ಒಂದು ಬೆಳಿಗ್ಗೆ ಅಂಗಿ ಹಾಕಿಕೊಂಡು ನಿಂತ.

“ಮಾಮ, ಮೂಡಬಿದಿರೆಯಲ್ಲಿ ಹೊಸ ಹಲ್ಲಿನ ಡಾಕ್ಟರ್ ಬಂದಿದ್ದಾರೆ. ಹೋಗುವ.”

“ನಾಳೆ ಹೋಗುವ.”

“ನಾಳೆ ನೀವು ನಾಳೆ ಅಂತೀರಿ. ಏಳಿ.”

ಡಾಕ್ಟರ್ ಒಬ್ಬ ಹುಡುಗಿ ಎನ್ನುವಷ್ಟು ಚಿಕ್ಕವರು. ಘಟ್ಟದ ಮೇಲಿನವರು, ದಾವಣಗೆರೆಯ ಕಡೆ. ನನಗೆ ಶಾಲೆಯಲ್ಲಿ ಕಲಿತ ಕನ್ನಡ ಎಲ್ಲ ಮರೆತು ಹೋಯಿತು. ಮನೆಯಲ್ಲಿ ನಾವು ಆಡುವುದು ತುಳು. ತುಳುವಿನಲ್ಲಿ ಹಲ್ಲಿಗೆ ಕೂಲಿ ಎನ್ನುತ್ತಾರೆ. ಹೆದರಿಕೆಯಲ್ಲಿ ಅದೇ ಶಬ್ದ ಬಾಯಿಗೆ ಬಂತು.

“ಕೂಲಿ ಬೇನೆ.”

“ಕೂಲಿ ಮಾಡಿ ನೋವಾ ತಾತ? ಬೆನ್ನಾ, ಸೊಂಟನಾ?”

ಶೇಖರ ನಗು ತಡೆಯಲಾರದೆ ಹೊರಗೆ ಹೋದ. ನಮ್ಮಲ್ಲಿ ಅಜ್ಜ ಎನ್ನುತ್ತಾರೆ, ತಾತ ಎಂದು ಯಾರೂ ನನ್ನನ್ನು ಕರೆದವರಿಲ್ಲ. ನಾನು ಬಾಯಿ ತೆರೆದು ಬೆರಳು ತೋರಿಸಿದೆ.

ಅವರು ಕನ್ನಡಿ ಇಟ್ಟು ನೋಡಿದರು. ಒಂದು ಸಲಕರಣೆಯ ಹಿಡಿಯಿಂದ ಆ ಹಲ್ಲನ್ನು ಮೆಲ್ಲಗೆ ತಟ್ಟಿದರು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಎಕ್ಸ್‌ರೇ ತೆಗೆದರು. ಆಮೇಲೆ ಹೇಳಿದರು.

“ಹುಳುಕು ನರದ ತನಕ ಹೋಗಿದೆ. ಹಲ್ಲು ಕೀಳೋದು ಬೇಡ. ರೂಟ್ ಕೆನಾಲ್ ಮಾಡಿದ್ರೆ ಉಳಿಯುತ್ತೆ. ಹಲ್ಲಿಗೆ ಮೇಲಿಂದ ತೂತು ಮಾಡಿ, ಬೇರಿನೊಳಗಿರೋ ನರ ತೆಗೆದು, ಕ್ಲೀನ್ ಮಾಡಿ ತುಂಬಿಸ್ತೀನಿ. ಮೂರ್ನಾಲ್ಕು ಸಲ ಬರಬೇಕಾಗುತ್ತೆ. ಸೋಮವಾರ ಬರ್ತೀರಾ?”

ನರ ತೆಗೆಯುವುದು.

ಉಳಿದ ಮಾತು ಯಾವುದೂ ನನಗೆ ಕೇಳಲಿಲ್ಲ. ಮೇಲಿನ ಹಲ್ಲಿನ ನರ ಕಣ್ಣಿಗೆ ಹೋಗುತ್ತದೆ, ಅದನ್ನು ಮುಟ್ಟಿದರೆ ದೃಷ್ಟಿ ಹೋಗುತ್ತದೆ ಎಂಬುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಆದರೆ ಕಣ್ಣಿನ ಮಾತು ನಾನು ಶೇಖರನಿಗೆ ಹೇಳಿದ ಕಾರಣ ಮಾತ್ರ. ನಿಜವಾಗಿ ನಾನು ಹೆದರಿದ್ದು ಆ ಕುರ್ಚಿಗೆ. ಹಿಂದಕ್ಕೆ ಮಲಗಿಸುವ ಕುರ್ಚಿ, ಮುಖದ ಮೇಲೆ ದೀಪ, ಬಾಯಿ ತೆರೆದೇ ಇರಬೇಕು, ಮಾತಾಡುವ ಹಾಗಿಲ್ಲ. ಬೇಡ ಎನ್ನಬೇಕಾದರೂ ಬಾಯಿ ಬೇಕಲ್ಲ? ಆ ಬಾಯಿಯನ್ನೇ ಇನ್ನೊಬ್ಬರು ಹಿಡಿದುಕೊಂಡಿರುತ್ತಾರೆ. ನನ್ನ ಸಣ್ಣ ವಯಸ್ಸಿನಲ್ಲಿ ಬಂಟ್ವಾಳ ಪೇಟೆಯಲ್ಲಿ ಒಬ್ಬ ಇಕ್ಕುಳದವನು ನನ್ನ ಹಲ್ಲು ಕಿತ್ತಿದ್ದ. ಸೋದರಮಾವ ನನ್ನ ಎದೆಯ ಮೇಲೆ ಮೊಣಕಾಲಿಟ್ಟಿದ್ದರು. ನೋವು ಈಗ ನೆನಪಿಲ್ಲ. ಮೊಣಕಾಲಿನ ಭಾರ ನೆನಪುಂಟು.

ಸೋಮವಾರ ಬಂತು. ಹಿಂದಿನ ದಿನವೇ ನನಗೆ ಊಟ ಸೇರಿರಲಿಲ್ಲ. ಶೇಖರ ಜೀಪು ತರಿಸಿದ್ದ. ವಾರಿಜ ನನ್ನ ಬಿಳಿ ಅಂಗಿ ಕೈಯಲ್ಲಿ ಹಿಡಿದು ಚಾವಡಿಯಲ್ಲಿ ನಿಂತಿದ್ದಳು. ಹೊರಗೆ ಎಂಜಿನ್ ಗುರುಗುಟ್ಟುತ್ತಿತ್ತು. ಎಡಕ್ಕೆ ಅಂಗಳ, ಬಲಕ್ಕೆ ದೈವದ ಕೋಣೆಯ ಬಾಗಿಲು. ಓಡಲು ಜಾಗ ಇರಲಿಲ್ಲ.

ನಾನು ಬಲಕ್ಕೆ ತಿರುಗಿದೆ. ಕೈ ಮುಗಿದೆ. ಬಾಯಿ ತಾನಾಗಿ ಹೇಳತೊಡಗಿತು.

“ಮುಂದಿನ ನೇಮದ ವರೆಗೆ ನನ್ನ ಬಾಯಿಗೆ ಕಬ್ಬಿಣ ತಾಗಿಸುವುದಿಲ್ಲ ಎಂದು ಹೇಳಿಕೊಂಡಿದ್ದೇನೆ. ಹಲ್ಲಿನ ನೋವು ಹೋದರೆ ಬೆಳ್ಳಿಯ ಹಲ್ಲು ಒಪ್ಪಿಸುತ್ತೇನೆ ಎಂದೂ ಹೇಳಿಕೊಂಡಿದ್ದೇನೆ. ಹರಕೆ ನಡುವೆ ಮುರಿದರೆ ಮನೆಗೆ ಒಳ್ಳೆಯದಲ್ಲ.”

ಅಂಥ ಹರಕೆಯನ್ನು ನಾನು ಹೇಳಿಕೊಂಡಿರಲಿಲ್ಲ. ಆ ಗಳಿಗೆಯಲ್ಲಿ ಹುಟ್ಟಿದ ಮಾತು ಅದು. ಆದರೆ ನೂರಾರು ಜನರಿಗಾಗಿ ಹೇಳಿ ಹೇಳಿ ಪಳಗಿದ ಬಾಯಿ. ಒಂದು ಶಬ್ದವೂ ತಪ್ಪಲಿಲ್ಲ. ನೇಮ ಎಂದರೆ ದೈವಕ್ಕೆ ವರ್ಷಕ್ಕೊಮ್ಮೆ ನಡೆಯುವ ಉತ್ಸವ; ಮುಂದಿನದು ಇರುವುದು ಸುಗ್ಗಿ ತಿಂಗಳಲ್ಲಿ, ಎಂಟೊಂಬತ್ತು ತಿಂಗಳ ಆಚೆ. ಆಗ ಮಳೆಗಾಲ, ಆಟಿ ತಿಂಗಳು ಇನ್ನೂ ಸುರುವಾಗಿರಲಿಲ್ಲ. ಅಷ್ಟು ದೂರದ ಗಡುವನ್ನೂ ನನ್ನ ಹೆದರಿಕೆಯೇ ಲೆಕ್ಕ ಹಾಕಿ ಕೊಟ್ಟಿತ್ತು.

ಶೇಖರ ನನ್ನ ಮುಖ ನೋಡಿದ. “ಯಾವಾಗ ಹೇಳಿಕೊಂಡದ್ದು ಮಾಮ?”

“ಅದನ್ನೆಲ್ಲ ಕೇಳುವುದಾ?” ಎಂದಳು ವಾರಿಜ. ಅಂಗಿಯನ್ನು ಮಡಚಿ ಒಳಗೆ ಇಟ್ಟಳು. ಆ ಕೋಣೆಯ ಕಡೆ ತಿರುಗಿ ಕೈ ಮುಗಿದಳು.

ಜೀಪು ಖಾಲಿ ಹೋಯಿತು.

ಅದರ ಮುಂದಿನ ವಾರ ನೋವು ನಿಂತಿತು. ಪೂರ್ತಿ. ತಣ್ಣೀರು ಕುಡಿದೆ, ಏನೂ ಆಗಲಿಲ್ಲ. ಬಿಸಿ ಚಾ ಕುಡಿದೆ, ಏನೂ ಇಲ್ಲ. ಹೋಟೆಲಿನಲ್ಲಿ ಸುದ್ದಿಯಾಯಿತು. “ಗುರಿಕಾರ್ರ ಹರಕೆ ಅಂದ್ರೆ ರಿಜಿಸ್ಟರ್ ಕಾಗದದ ಹಾಗೆ, ತಲುಪಲೇಬೇಕು” ಎಂದ ಒಬ್ಬ. “ಹಾಗಾದ್ರೆ ನನ್ನ ಹೆಂಡತಿಯ ಬಾಯಿಗೂ ಒಂದು ಹೇಳಿ ಮಾರಾಯ್ರೆ, ಮುಚ್ಚುವ ಹಾಗೆ” ಎಂದ ಇನ್ನೊಬ್ಬ. ನಾನೂ ನಕ್ಕೆ. ಈಗ ಬಾಯಿ ತೆರೆದೇ ನಕ್ಕೆ. ಸುಳ್ಳಿಗೂ ಫಲ ಸಿಕ್ಕಿತಲ್ಲ ಎಂಬ ಬೆರಗಿನಲ್ಲಿ, ಇದು ಸುಳ್ಳೇ ಅಲ್ಲವೇನೋ, ಮನಸ್ಸಿನೊಳಗೆ ಎಲ್ಲೋ ಹೇಳಿಕೊಂಡಿದ್ದೆನೇನೋ ಎಂದು ನಾನೇ ಅರ್ಧ ನಂಬಿದೆ. ವಾರಿಜ ಆಚಾರಿಗೆ ಹೇಳಿ ಬೆಳ್ಳಿಯ ಹಲ್ಲನ್ನೂ ಮಾಡಿಸಿದಳು.

ಆದರೆ ಅವಳು ಅಷ್ಟಕ್ಕೆ ನಿಲ್ಲಲಿಲ್ಲ. ಕಬ್ಬಿಣ ಎಂದು ನಾನು ಹೇಳಿದ್ದು ಇಕ್ಕುಳ, ಸೂಜಿಗಳ ಮಾತು. ಅವಳು ಅದನ್ನು ಅಕ್ಷರಕ್ಕೆ ಅಕ್ಷರ ಹಿಡಿದಳು. ಸ್ಟೀಲಿನ ಚಮಚ ಅಟ್ಟಕ್ಕೆ ಹೋಯಿತು.

“ಸ್ಟೀಲು ಕಬ್ಬಿಣ ಅಲ್ಲ ಮಾರಾಯ್ತಿ” ಎಂದೆ.

“ಅಲ್ಲವಾ? ತುಕ್ಕು ಹಿಡಿಯದ ಕಬ್ಬಿಣ ಅಂತ ಅಂಗಡಿಯವರೇ ಹೇಳ್ತಾರೆ. ನಮಗ್ಯಾಕೆ ಸಂಶಯ?”

ಚಾ ಗಾಜಿನ ಗ್ಲಾಸಿಗೆ ಬಂತು. ಗಂಜಿ ಉಣ್ಣಲು ಹಳೆಯ ಕಾಲದ ಹಾಗೆ ಹಲಸಿನ ಎಲೆಯನ್ನು ಮಡಚಿ ಕಡ್ಡಿ ಚುಚ್ಚಿ ಇಟ್ಟಳು. ನನಗೆ ಒಂದು, ಅವಳಿಗೆ ಒಂದು.

“ನಿನಗ್ಯಾಕೆ?”

“ಹರಕೆ ಒಬ್ಬರದ್ದು ಅಂತ ಉಂಟಾ? ಮನೆಯದ್ದು. ನೀವೇ ಎಲ್ಲರಿಗೂ ಹೇಳುವುದು ಹಾಗೆ.”

ಹೌದು, ನಾನೇ ಹೇಳುತ್ತಿದ್ದದ್ದು. ನಾನು ಎಲೆಯಲ್ಲಿ ಗಂಜಿ ಎತ್ತಿ ಬಾಯಿಗಿಟ್ಟೆ. ಅವಳೂ ಇಟ್ಟಳು. ಹಾಗೆ ಆಟಿ ಕಳೆಯಿತು. ಅವಳು ತಿನ್ನುವುದು ನಿಧಾನವಾಯಿತು. ವೀಳ್ಯ ಬಿಟ್ಟಳು. ಕೇಳಿದರೆ, ಸಾಕಾಯಿತು ಎಂದಳು. ನಲವತ್ತು ವರ್ಷದ ಚಟ ಒಮ್ಮೆಲೇ ಸಾಕಾಗುವುದು ಹೇಗೆ ಎಂದು ನಾನು ಯೋಚಿಸಲಿಲ್ಲ. ನನ್ನ ಬಾಯಿ ಸುಖವಾಗಿತ್ತು.

ಆಟಿಯ ಮರುತಿಂಗಳು ಸೋಣ. ಅದರ ಕೊನೆಗೆ ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಕೆನ್ನೆ ಊದಿ ಕೈಗೆ ಬೇರೆಯವರದ್ದರಂತೆ ಸಿಕ್ಕಿತು.

ಮಧ್ಯಾಹ್ನದ ಹೊತ್ತಿಗೆ ಎಡಗಣ್ಣು ಅರ್ಧ ಮುಚ್ಚಿತು. ಜ್ವರ ಏರಿತು. ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಶೇಖರ ನನ್ನನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ನಮ್ಮ ಹೋಟೆಲಿನ ಹಳೆಯ ಪರಿಚಯದವರು. ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟು ಬೈದರು.

“ಇದು ಹಲ್ಲಿನ ಕೀವು. ಇನ್ನೂ ಮೇಲೆ ಹೋದರೆ ಕಣ್ಣಿಗೆ, ತಲೆಗೆ ಅಪಾಯ. ಇಂಜೆಕ್ಷನ್‌ನಿಂದ ಸ್ವಲ್ಪ ತಗ್ಗುತ್ತದೆ, ಅಷ್ಟೆ. ಹಲ್ಲಿನ ಡಾಕ್ಟರ್ ಹತ್ತಿರ ಹೋಗಲೇಬೇಕು. ಎಂತಕ್ಕೆ ಕಾಯ್ತಾ ಇದ್ದೀರಿ?”

ಶೇಖರ ಹರಕೆಯ ವಿಷಯ ಹೇಳಿದ. ಡಾಕ್ಟರು ನನ್ನನ್ನು ಒಮ್ಮೆ ನೋಡಿ, “ಹಾಗಾದರೆ ಬೇಗ ಬಿಡಿಸಿಕೊಳ್ಳಿ” ಎಂದರು. ಅವರೂ ಇದೇ ಊರಿನವರು. ಹರಕೆಗೆ ಎದುರು ಮಾತಾಡಲಿಲ್ಲ.

ಬಿಡಿಸಿಕೊಳ್ಳುವುದು ಎಂದರೆ ಹೀಗೆ. ಸಂಕ್ರಮಣದ ದಿನ ನಮ್ಮ ಊರಲ್ಲಿ ಪಾತ್ರಿಗೆ ದರ್ಶನ ಬರುತ್ತದೆ, ಅಂದರೆ ಅವರ ಮೈಮೇಲೆ ದೈವ ಬಂದು ನುಡಿ ಕೊಡುತ್ತದೆ. ಅದರ ಎದುರು ಊರಿನವರ ಸಮಕ್ಷಮ ನಿಂತು, ಇಂಥ ಹರಕೆ ಹೇಳಿಕೊಂಡಿದ್ದೆ, ನಡೆಸಲಾರದೆ ಹೋದೆ, ತಪ್ಪು ಕಾಣಿಕೆ ಇಡುತ್ತೇನೆ, ಬಿಡುಗಡೆ ಕೊಡಬೇಕು ಎಂದು ಕೇಳಬೇಕು. ಸಂಕ್ರಮಣ ಮೂರು ದಿನದಲ್ಲಿತ್ತು. ಶೇಖರ ಮನೆಮನೆಗೆ ಹೇಳಿ ಬಂದ.

ನಾನು ಚಾವಡಿಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ. ಒಂದು ಕಡೆ ಆ ಕುರ್ಚಿ. ಇನ್ನೊಂದು ಕಡೆ ದರ್ಶನ ನಡೆಯುವ ಆ ಅಂಗಳ. ಇಲ್ಲದ ಹರಕೆಯಿಂದ ಬಿಡುಗಡೆ ಕೊಡು ಎಂದು ದೈವದ ಎದುರು ಹೇಗೆ ಕೇಳುವುದು? ಕೇಳಿದರೆ ಸುಳ್ಳಿನ ಮೇಲೆ ಸುಳ್ಳು, ಅದೂ ನಾನು ಜೀವಮಾನವಿಡೀ ನಿಜ ಹೇಳಿದ ಜಾಗದಲ್ಲಿ. ಕೇಳದಿದ್ದರೆ ಮೂಡಬಿದಿರೆಗೆ ಯಾರೂ ಕರೆದುಕೊಂಡು ಹೋಗುವುದಿಲ್ಲ, ಕೀವು ತಲೆಗೆ ಏರುತ್ತದೆ. ನಿಜ ಹೇಳಿದರೆ ಹೋಗಲೇಬೇಕು. ಯಾವ ಬಾಗಿಲು ತೆರೆದರೂ ಅದರ ಹಿಂದೆ ಆ ದೀಪ, ಆ ಕುರ್ಚಿ. ಹೆದರಿಕೆಯಿಂದ ತಪ್ಪಿಸಿಕೊಳ್ಳಲು ನಾನೇ ಕಟ್ಟಿದ ಗೋಡೆ ಈಗ ನಾಲ್ಕೂ ಕಡೆಯಿಂದ ಹತ್ತಿರ ಬಂದಿತ್ತು. ಕೆನ್ನೆಯೊಳಗೆ ನಾಡಿ ಬಡಿಯುತ್ತಿತ್ತು. ಈ ಕೀವು ಒಡೆದು ಸತ್ತು ಹೋದರೂ ಆದೀತು, ಎರಡೂ ತಪ್ಪುತ್ತವೆ ಎಂದು ಒಂದು ಸಲ ಅನಿಸಿದ್ದು ನಿಜ.

ಅಂದು ಸಂಜೆ ವಾರಿಜ ಮಂಚದ ಹತ್ತಿರ ನೆಲದಲ್ಲಿ ಕುಳಿತಳು. ಅರಸಿನದಲ್ಲಿ ಅದ್ದಿದ ಒಂದು ತುಂಡು ಬಟ್ಟೆಯಲ್ಲಿ ನಾಣ್ಯ ಇಟ್ಟು ಗಂಟು ಹಾಕಿದಳು. ತಪ್ಪು ಕಾಣಿಕೆಯ ಮುಡಿಪು. ಆಮೇಲೆ ಇನ್ನೊಂದು ಬಟ್ಟೆ ಎತ್ತಿಕೊಂಡಳು.

“ಎರಡು ಯಾಕೆ?” ಎಂದೆ. ಹಲ್ಲು ಕಚ್ಚಿದ ಹಾಗೆಯೇ ಮಾತಾಡಬೇಕಿತ್ತು.

“ಇದು ನನ್ನದು. ಹರಕೆ ನಡೆಸುವಾಗ ನನ್ನಿಂದ ಏನಾದರೂ ತಪ್ಪಾಗಿರಬೇಕು. ಇಲ್ಲದಿದ್ದರೆ ವಾಸಿಯಾದ ನೋವು ಹೀಗೆ ತಿರುಗಿ ಬರ್ತದಾ? ಒಂದು ದಿನ ಮರೆತು ಸ್ಟೀಲಿನ ಲೋಟದಲ್ಲಿ ನೀರು ಕುಡಿದಿದ್ದೆ.”

ಅವಳು ಗಂಟು ಹಾಕುತ್ತಲೇ ಇದ್ದಳು. ನನಗೆ ಅದನ್ನು ನೋಡಲಾಗಲಿಲ್ಲ.

“ವಾರಿಜ. ಹರಕೆ ಇಲ್ಲ.”

“ಎಂತದು?”

“ನಾನು ಹೇಳಿಕೊಂಡೇ ಇಲ್ಲ. ಮೂಡಬಿದಿರೆಗೆ ಹೋಗಲು ಹೆದರಿಕೆಯಾಯಿತು. ಅದಕ್ಕೆ ಹೇಳಿದ್ದು.”

ಅವಳು ಗಂಟನ್ನು ನಿಧಾನವಾಗಿ ಬಿಚ್ಚಿದಳು. ನಾಣ್ಯ ಮಡಿಲಲ್ಲಿ ಬಿತ್ತು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ನನ್ನ ಕಡೆ ಬಗ್ಗಿ, ಬೆರಳಿನಿಂದ ತನ್ನ ಕೆಳತುಟಿಯನ್ನು ಬದಿಗೆ ಎಳೆದು ಬಾಯಿ ತೆರೆದಳು.

ಬಲಗಡೆಯ ಕೆಳದವಡೆಯ ಹಲ್ಲು ನಡುವೆ ಸೀಳಿತ್ತು. ಸುತ್ತಲಿನ ವಸಡು ಕಪ್ಪಗಾಗಿತ್ತು.

“ಆಟಿಯಿಂದ” ಎಂದಳು.

“ಹೇಳಲಿಲ್ಲ ಯಾಕೆ?”

“ಹೇಳಿ ಎಂತ ಮಾಡುವುದು? ಹೇಳಿದರೆ ಶೇಖರ ಡಾಕ್ಟರಲ್ಲಿಗೆ ಎಳೆದುಕೊಂಡು ಹೋಗ್ತಿದ್ದ. ನಿಮ್ಮ ಹರಕೆಯ ನಡುವೆ ನನ್ನ ಬಾಯಿಗೆ ಕಬ್ಬಿಣ ತಾಗಿಸಿದರೆ ನಿಮಗೆ ತೊಂದರೆ ಆಗುವುದಿಲ್ವಾ?”

ಆಮೇಲೆ ಎದ್ದು ನಿಂತಳು. “ಏನೂ ತಿಳಿಯದ ಪಾಪದವಳು ಅಂತ ನನ್ನನ್ನು ಇಷ್ಟು ಆಟ ಆಡಿಸಿದ್ರಲ್ಲ. ಹೆದರಿಕೆ ಅಂತ ಒಂದು ಮಾತು ಹೇಳಿದ್ದರೆ ನಾನು ನಗ್ತಿದ್ದೆನಾ? ನಗ್ತಿದ್ದೆ. ನಕ್ಕು ಜೊತೆಗೆ ಬರ್ತಿದ್ದೆ.”

ಮರುದಿನ ಬೆಳಿಗ್ಗೆ ಮೂವರೂ ಮೂಡಬಿದಿರೆಗೆ ಹೋದೆವು. ಶೇಖರನಿಗೆ ವಾರಿಜಳೇ ಎಲ್ಲ ಹೇಳಿದ್ದಳು. ಅವನು ದಾರಿಯುದ್ದಕ್ಕೂ ತಮಾಷೆ ಮಾಡದೆ ಇದ್ದದ್ದು ನಾನು ಕಂಡ ಹಾಗೆ ಅದೇ ಮೊದಲು.

ಡಾಕ್ಟರ್ ನನ್ನ ಕೆನ್ನೆ ನೋಡಿ ಗುರುತು ಹಿಡಿದರು. ನೋವು ನಿಂತದ್ದರಿಂದ ಬರಲಿಲ್ಲ ಎಂದೆ. ಅದೂ ಅರ್ಧ ಸತ್ಯ.

“ನೋವು ನಿಂತಿದ್ದು ಗುಣ ಆಗಿ ಅಲ್ಲ ತಾತ. ಒಳಗಿನ ನರ ಸತ್ತಿತ್ತು. ಸತ್ತಿದ್ದು ನೋಯಲ್ಲ, ಕೊಳೆಯುತ್ತೆ.”

ಊರೆಲ್ಲ ಹೊಗಳಿದ ಹರಕೆಯ ಫಲ ಅದು.

ಎಕ್ಸ್‌ರೇ ಮತ್ತೆ ತೆಗೆದರು. ನನ್ನ ಹಲ್ಲನ್ನು ಈಗಲೂ ರೂಟ್ ಕೆನಾಲ್ ಮಾಡಿ ಉಳಿಸಬಹುದು ಎಂದರು. ವಾರಿಜಳ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬೇರಿನ ತನಕ ಸೀಳಿದೆ. ಇದನ್ನ ಕೀಳಲೇಬೇಕು. ಒಂದೆರಡು ತಿಂಗಳ ಹಿಂದೆ ಬಂದಿದ್ರೆ ಉಳಿಸಬಹುದಿತ್ತು ಅಮ್ಮಾ. ಯಾಕೆ ಬರಲಿಲ್ಲ?”

ವಾರಿಜ ನನ್ನ ಕಡೆ ನೋಡಲಿಲ್ಲ. “ಮನೆಯಲ್ಲಿ ಕೆಲಸ ಇತ್ತು” ಎಂದಳು.

ನನ್ನನ್ನು ಕಾಪಾಡಲು ಅವಳೂ ಒಂದು ಸುಳ್ಳು ಹೇಳಬೇಕಾಯಿತು.

ಮೊದಲು ಅವಳೇ ಕುರ್ಚಿಗೆ ಹೋದಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಇಂಜೆಕ್ಷನ್ ಆಗುವಾಗ ಕಾಲಿನ ಹೆಬ್ಬೆರಳು ಮಡಚಿತು, ಅಷ್ಟೆ. ಹಲ್ಲು ಎರಡು ತುಂಡಾಗಿ ಬಂತು. ಹತ್ತಿ ಕಚ್ಚಿಕೊಂಡು ಬೆಂಚಿಗೆ ಬಂದು ಕುಳಿತು, ಇನ್ನು ನಿಮ್ಮದು ಎನ್ನುವ ಹಾಗೆ ಕೈ ತೋರಿಸಿದಳು.

ಕುರ್ಚಿಯ ಹತ್ತಿರ ಹೋಗಿ ನಿಂತೆ, ಕುಳಿತುಕೊಳ್ಳಲಿಲ್ಲ. ಆಗ ನಾನು ಆ ಕೋಣೆಯಲ್ಲಿ, ಚಿಕ್ಕ ವಯಸ್ಸಿನ ಆ ಹೆಣ್ಣುಮಗಳ ಎದುರು, ಯಾವ ಹಿರಿತನವೂ ಇಲ್ಲದೆ ಹೇಳಿದೆ.

“ನನಗೆ ಹೆದರಿಕೆ ಉಂಟು.”

“ಯಾವುದಕ್ಕೆ ತಾತ? ನೋವಿಗಾ?”

“ಬಾಯಿ ತೆರೆದ ಮೇಲೆ ಬೇಡ ಎನ್ನಲಿಕ್ಕೆ ಆಗುವುದಿಲ್ಲ. ಅದಕ್ಕೆ.”

ಅವರು ನಗಲಿಲ್ಲ. ಕೈಯಲ್ಲಿದ್ದುದನ್ನು ತಟ್ಟೆಯಲ್ಲಿ ಇಟ್ಟರು.

“ಹಂಗಾದ್ರೆ ಎಡಗೈ ಎತ್ತಿ. ನೀವು ಕೈ ಎತ್ತಿದ ತಕ್ಷಣ ನಾನು ಕೈ ತೆಗೀತೀನಿ. ಕಾರಣ ಕೇಳಲ್ಲ.”

ಕುಳಿತೆ. ಕುರ್ಚಿ ಹಿಂದಕ್ಕೆ ಹೋಯಿತು. ಇಂಜೆಕ್ಷನ್‌ನಿಂದ ಬಾಯಿ ಅರ್ಧ ತೆರೆಯುತ್ತಿತ್ತು, ಪೂರ್ತಿ ಅಲ್ಲ; ಹಾಗಾಗಿ ಆ ದಿನ ಕೀವು ಹೊರಗೆ ಬಿಡುವಷ್ಟೇ ಕೆಲಸ. ಮೆಷಿನ್ ಸುರುವಾಯಿತು. ಅದು ಹಲ್ಲಿಗೆ ತಾಗುವ ಮೊದಲೇ ಕೈ ಎತ್ತಿದೆ. ಮೆಷಿನ್ ನಿಂತಿತು. ಡಾಕ್ಟರ್ ಕಾದರು. ಕೈ ಇಳಿಸಿದೆ. ಸುರುವಾಯಿತು. ನಿಜವಾಗಿಯೂ ನಿಲ್ಲಿಸುತ್ತಾರಾ ಎಂದು ನೋಡಲು ಇನ್ನೊಮ್ಮೆ ಎತ್ತಿದೆ. ಮತ್ತೆ ನಿಂತಿತು. ಮೂರನೆಯ ಸಲ ಎತ್ತಿದಾಗ ಬೆಂಚಿನಿಂದ, ಹತ್ತಿ ಕಚ್ಚಿದ ಬಾಯಿಯಲ್ಲಿ, ವಾರಿಜಳ ದನಿ ಬಂತು.

“ಕೈ ಇಳಿಸಿ ಮಾರಾಯ್ರೆ. ಬಸ್ಸು ನಿಲ್ಲಿಸುವುದಾ ನೀವು?”

ಶೇಖರ ಹೊರಗೆ ಜೋರಾಗಿ ನಕ್ಕ. ನನ್ನ ಎದೆಯ ಮೇಲಿನ ಯಾವುದೋ ಭಾರ ಸ್ವಲ್ಪ ಸರಿಯಿತು. ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಉಸಿರಾಡುವಷ್ಟು ಸರಿಯಿತು.

ಕೆಟ್ಟ ವಾಸನೆಯೊಂದು ಬಾಯಿ ತುಂಬಿತು. ಅದರ ಹಿಂದೆಯೇ ತಲೆ ಹಗುರವಾಯಿತು. ಎಷ್ಟು ದಿನದಿಂದ ಹೊತ್ತಿದ್ದೆನೋ.

ಸಂಕ್ರಮಣದ ದಿನ ಊರಿನವರು ಸೇರಿದ್ದರು. ಹೋಗದೆ ಇರಬಹುದಿತ್ತು. ಮುಖ ಇನ್ನೂ ಊದಿಕೊಂಡಿತ್ತು. ವಾರಿಜ ಒಂದೇ ಮಾತು ಹೇಳಿದಳು. “ನನಗೆ ಹೇಳಿದ್ದು ಆಯ್ತು. ಆ ಸುಳ್ಳು ಹೇಳಿದ್ದು ಯಾರ ಹೆಸರಲ್ಲಿ? ಅಲ್ಲಿಗೂ ಹೋಗಿ ಹೇಳಿ.”

ಪಾತ್ರಿ ನನ್ನ ಎದುರು ಬಂದು ನಿಂತರು. ಸಾಮಾನ್ಯವಾಗಿ ನಾನು ಹೇಳುವ ಉದ್ದದ ಮಾತುಗಳು ಯಾವುವೂ ಬರಲಿಲ್ಲ. ಹರಕೆ ಇರಲಿಲ್ಲ, ಹೆದರಿ ಸುಳ್ಳು ಹೇಳಿದೆ, ಅದರಿಂದ ಹೆಂಡತಿಗೆ ಹಲ್ಲು ಹೋಯಿತು ಎಂದೆ. ಅಷ್ಟೇ. ಜನ ಪಿಸುಗುಟ್ಟಿದರು. ದೈವದ ನುಡಿ ಬಂತು.

“ಬಾಯಿ ನಿನ್ನದು. ಮಾತು ನನ್ನದೆಂದು ಹೇಳಿದೆಯಾ ಗುರಿಕಾರ?”

ತಲೆ ಎತ್ತಲಿಲ್ಲ. ಬೆಳ್ಳಿಯ ಹಲ್ಲನ್ನು ಮುಡಿಪಿನೊಂದಿಗೆ ತಪ್ಪು ಕಾಣಿಕೆಯಾಗಿ ಇಟ್ಟೆ. ಒಪ್ಪಿಕೊಂಡ ಗುರುತಾಗಿ ಗಂಧ ಸಿಕ್ಕಿತು. ಗುರಿಕಾರಿಕೆಯನ್ನು ಇನ್ನೊಬ್ಬರಿಗೆ ಕೊಡಿ ಎಂದು ಊರಿನವರಲ್ಲಿ ಕೇಳಿಕೊಂಡೆ. ಬೇಡ ಎಂದು ಒತ್ತಾಯಿಸಿದವರು ಕಡಿಮೆ. ಅದು ನ್ಯಾಯವೇ.

ಆಮೇಲೆ ಮೂಡಬಿದಿರೆಗೆ ಮತ್ತೆ ನಾಲ್ಕು ಸಲ ಹೋದೆ. ಹೆದರಿಕೆ ಪ್ರತಿ ಸಲವೂ ಜೊತೆಗೇ ಬಸ್ಸು ಹತ್ತಿತು. “ಫೈಲ್ ಕೊಡಿ” ಎಂದು ಡಾಕ್ಟರ್ ತಮ್ಮ ಸಹಾಯಕಿಯನ್ನು ಕೇಳಿದಾಗ ನನ್ನ ಕಾಗದಪತ್ರದ ಫೈಲು ಎಂದುಕೊಂಡೆ. ಬಂದದ್ದು ಕೂದಲಿನಷ್ಟು ಸಪೂರದ ಸೂಜಿಗಳು. ಅವನ್ನು ಬೇರಿನೊಳಗೆ ಇಳಿಸಿ ತಿರುವುತ್ತಾರೆ. ನೋವಿಲ್ಲ, ತಲೆಯೊಳಗೆ ಕೆರೆಯುವ ಸದ್ದು ಮಾತ್ರ. ಒಮ್ಮೆ ನಡುವೆ ಕರೆಂಟು ಹೋಯಿತು. ಕತ್ತಲಲ್ಲಿ ಬಾಯಿ ತೆರೆದುಕೊಂಡು, ತುಟಿಯ ಸಂದಿಯಲ್ಲಿ ಹತ್ತಿ ಇಟ್ಟುಕೊಂಡು ಕಾದೆ. ಆ ಹೊತ್ತು ಓಡಿ ಹೋಗಬೇಕೆಂದು ಅನಿಸಿತು. ವಾರಿಜ ಬೆಂಚಿನಿಂದ ಎದ್ದು ಬಂದು ನನ್ನ ಮುಖಕ್ಕೆ ಡಾಕ್ಟರರ ಕಾಗದದಿಂದ ಗಾಳಿ ಹಾಕಿದಳು. ಕರೆಂಟು ಬಂದ ಮೇಲೆ ತಿರುಗಿ ಹೋಗಿ ಕುಳಿತಳು.

ಕಳೆದ ತಿಂಗಳು ಹಲ್ಲು ತುಂಬಿಸಿ ಆಯಿತು. ಮೇಲೆ ಒಂದು ಕ್ಯಾಪು. ಕಣ್ಣು ಮೊದಲಿನಂತೆಯೇ ಕಾಣುತ್ತದೆ. ಆ ಹಲ್ಲಿಗೆ ಬಿಸಿ, ತಂಪು ತಿಳಿಯುವುದಿಲ್ಲ, ಆದರೆ ಜಗಿಯುವ ಕೆಲಸ ಮಾಡುತ್ತದೆ. ಇದನ್ನು ದೊಡ್ಡ ಗೆಲುವು ಎಂದು ನಾನು ಬರೆಯುತ್ತಿಲ್ಲ. ತಪ್ಪು ಮಾಡಿದವನ ಹಲ್ಲು ಉಳಿಯಿತು, ಮಾಡದವಳದ್ದು ಹೋಯಿತು. ಊಟಕ್ಕೆ ಕುಳಿತಾಗ ಪ್ರತಿ ದಿನ ಅದು ಕಾಣುತ್ತದೆ. ಅವಳು ತುತ್ತನ್ನು ನಾಲಿಗೆಯಿಂದ ಎಡಕ್ಕೆ ಸರಿಸುತ್ತಾಳೆ. ವೀಳ್ಯಕ್ಕೆ ಅಡಿಕೆಯನ್ನು ಕುಟ್ಟಿ ಪುಡಿ ಮಾಡಿಕೊಳ್ಳುತ್ತಾಳೆ. ಕುಟ್ಟಿ ಕೊಡುತ್ತೇನೆ ಎಂದರೆ, “ಪಾಪ ಪರಿಹಾರಕ್ಕಾ? ಬೇಡ, ನೀವು ದಪ್ಪ ದಪ್ಪ ಕುಟ್ತೀರಿ” ಎನ್ನುತ್ತಾಳೆ.

ಅವಳು ಕ್ಷಮಿಸಿದ್ದಾಳೋ ಇಲ್ಲವೋ ಕೇಳಿಲ್ಲ. ಕೇಳಿದರೆ ಹೌದು ಎನ್ನುತ್ತಾಳೆ. ಆ ಹೌದನ್ನು ನಂಬುವ ಹಕ್ಕು ನನಗೆ ಇನ್ನೂ ಬಂದಿಲ್ಲ ಎಂದು ತೋರುತ್ತದೆ.

ಎಲ್ಲಾದರೂ ನೋವುಂಟಾ ಎಂದು ಈಗ ಆಗಾಗ ವಿಚಾರಿಸುತ್ತೇನೆ. “ಎಂತ ಇಲ್ಲ” ಎನ್ನುತ್ತಾಳೆ. ಮೊದಲೆಲ್ಲ ನಾನು ಆ ಉತ್ತರ ಸಿಕ್ಕಿತೆಂದು ನೆಮ್ಮದಿಯಿಂದ ಎದ್ದು ಹೋಗುತ್ತಿದ್ದೆ. ಈಗ ಹೋಗುವುದಿಲ್ಲ. ಬಾಗಿಲ ಬೆಳಕಿಗೆ ಬಾ, ಬಾಯಿ ತೆರೆ ಎನ್ನುತ್ತೇನೆ. “ನಿಮಗೆ ಬೇರೆ ಕೆಲಸ ಇಲ್ವಾ?” ಎಂದು ಬೈಯುತ್ತಾಳೆ.

ಬೈಯುತ್ತಲೇ ತೆರೆಯುತ್ತಾಳೆ.